ದಂಡದ ಮಂಡಕ್ಕಿ

ಮೊನ್ನೆ ನನಗೊಂದು ಸನ್ಮಾನವಾಯಿತು. ನಿವೃತ್ತ ಮೇಷ್ಟ್ರ ಹೆಗಲಿಗೆ ಆಗೊಮ್ಮೆ ಈಗೊಮ್ಮೆ ಶಾಲು ಬೀಳುವುದು ರೂಢಿ, ಅದರಲ್ಲೇನೂ ವಿಶೇಷವಿಲ್ಲ. ವಿಶೇಷವೆಂದರೆ ಈ ಸಲ ಹಾರದ ಬದಲು ಸಸಿ ಕೊಟ್ಟರು. ಅಂಗೈಯಗಲದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಿಡಿ ಮಣ್ಣು, ಅದರಲ್ಲಿ ನಾಲ್ಕೆಲೆಯ ಸಸಿ, ಚೀಲದ ಸುತ್ತ ಮಿರಮಿರ ಮಿಂಚುವ ಕಾಗದ, ಅದರ ಮೇಲೊಂದು ರಿಬ್ಬನ್ನು. ಕೊಟ್ಟವರು ಮೈಕಿನಲ್ಲಿ, "ಪರಿಸರ ಪ್ರಜ್ಞೆ ಎಂಬುದು ನಮ್ಮ ಹಳ್ಳಿಯ ಜನಕ್ಕೆ ಇನ್ನೂ ಬಂದಿಲ್ಲ, ಅದನ್ನು ನಾವೇ ತಲುಪಿಸಬೇಕಾಗಿದೆ" ಎಂದರು. ನಾನು ಸಸಿ ಹಿಡಿದುಕೊಂಡು ಫೋಟೋಕ್ಕೆ ನಕ್ಕೆ. ಮನೆಗೆ ಬಂದ ಮೇಲೆ ಸಿಟ್ಟು ಬಂತು.

ನನ್ನ ಸಿಟ್ಟು ಯಾವಾಗಲೂ ಹೀಗೇ, ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬರುವ ಗಿರಾಕಿ. ನನ್ನ ಹೆಂಡತಿಗೆ ಇದು ಚೆನ್ನಾಗಿ ಗೊತ್ತು. "ಅಲ್ಲೇ ಹೇಳ್ಬೇಕಿತ್ತಲ್ರಿ. ಇಲ್ಲಿ ನನ್ ಮುಂದೆ ಯಾಕ ಕೂಗಾಡ್ತೀರಿ? ನಾನೇನು ಕಾಡು ಕಡಿದೀನಾ?" ಎಂದಳು. ಆಮೇಲೆ ಸಸಿಯನ್ನು ನೋಡಿ, "ಇದನ್ನ ಎಲ್ಲಿ ನೆಡೋದು?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ದಾವಣಗೆರೆಯ ನಿಟ್ಟುವಳ್ಳಿ ಬಡಾವಣೆಯ ನಮ್ಮ ಮನೆಯಲ್ಲಿ ಮಣ್ಣು ಕಣ್ಣಿಗೆ ಬೀಳಬೇಕಾದರೆ ರೇಷನ್ ಅಕ್ಕಿ ಆರಿಸಬೇಕು.

ಹಳ್ಳಿಯ ಜನಕ್ಕೆ ಪ್ರಜ್ಞೆ ಬಂದಿಲ್ಲವಂತೆ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪ್ರಜ್ಞೆಯನ್ನು ಹಳ್ಳಿಗೆ ಸಾಗಿಸುವ ಕೆಲಸವನ್ನು ಸಂಬಳ ತೆಗೆದುಕೊಂಡು ಮಾಡಿದವನು ನಾನು. ಆ ಸರಕನ್ನು ಅಲ್ಲಿ ಇಳಿಸಲು ಜಾಗವೇ ಇರಲಿಲ್ಲ, ಊರು ಆಗಲೇ ತುಂಬಿತ್ತು. ಆ ಕತೆ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಮಂಡಕ್ಕಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ನಿಮಗೆ ಏನೂ ತಿಳಿಯುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ನಡುವೆ. ಅಬ್ಬಾನದೊಂದು ಭಟ್ಟಿ ಇತ್ತು. ಕಾದ ಮರಳಿಗೆ ಹಿಡಿ ಅಕ್ಕಿ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮೊರದ ತುಂಬ ಆಗುವುದನ್ನು ನೋಡಿ ಬೆಳೆದ ಮಕ್ಕಳಿಗೆ ಗಣಿತ ಹತ್ತುವುದಿಲ್ಲ. ನನಗೂ ಹತ್ತಲಿಲ್ಲ, ಗಣಿತದ ಪಿರಿಯಡ್ಡಿನಲ್ಲೂ ಕತೆ ಹೇಳುವ ಮೇಷ್ಟ್ರಾದೆ. ನಮ್ಮ ಬಟ್ಟೆ, ಪುಸ್ತಕ, ಅಮ್ಮಿಯ ಕೂದಲು ಎಲ್ಲಕ್ಕೂ ಹೊಗೆಯ ವಾಸನೆ. ಶಾಲೆಯಲ್ಲಿ ನನ್ನ ಪಕ್ಕ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮಧ್ಯಾಹ್ನ ಜೇಬಿನಿಂದ ಮಂಡಕ್ಕಿ ತೆಗೆದರೆ ಅವೇ ಮೂಗುಗಳು ಹತ್ತಿರ ಬರುತ್ತಿದ್ದವು.

ಎಪ್ಪತ್ತರ ದಶಕದಲ್ಲಿ ಭಟ್ಟಿಗಳಿಗೆ ಕಟ್ಟಿಗೆ ಬರುತ್ತಿದ್ದದ್ದು ಸುತ್ತಲಿನ ಗುಡ್ಡಗಳಿಂದ, ಎತ್ತಿನ ಗಾಡಿಗಳಲ್ಲಿ. ಎಲ್ಲಿಂದ ತಂದಿರಿ ಎಂದು ಅಬ್ಬಾ ಗಾಡಿಯವರನ್ನು ಕೇಳಿದ್ದನ್ನು ನಾನು ಕಾಣೆ. ದಾವಣಗೆರೆಯಲ್ಲಿ ಮಂಡಕ್ಕಿ ತಿನ್ನದವರಿಲ್ಲ. ಅದು ಯಾವ ಗುಡ್ಡದ ಬೆಂಕಿಯಲ್ಲಿ ಅರಳಿತೆಂದು ಕೇಳಿದವರೂ ಇಲ್ಲ. ಆಮೇಲೆ ರೈಸ್ ಮಿಲ್ಲುಗಳ ಹೊಟ್ಟು ಸಲೀಸಾಗಿ ಸಿಗತೊಡಗಿತು, ಅಬ್ಬಾ ಕಟ್ಟಿಗೆ ಬಿಟ್ಟು ಹೊಟ್ಟು ಉರಿಸತೊಡಗಿದ. ಕಾಡಿನ ಮೇಲಿನ ಪ್ರೀತಿಯಿಂದೇನೂ ಅಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ನನಗೆ ಒಂದು ಕುರುಚಲು ಕಾಡಿನ ಗುಡ್ಡದ ಬುಡದಲ್ಲಿದ್ದ ಪ್ರೈಮರಿ ಶಾಲೆಗೆ ವರ್ಗವಾಯಿತು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಯಾರಾದರೂ ಹೋಗಿ ಅಲ್ಲೊಂದು ಫಲಕ ನೆಟ್ಟಾರು. ಗುಡ್ಡದೂರು ಎಂದುಕೊಳ್ಳಿ. ಸೇರಿದ ಮೊದಲ ವಾರವೇ ನನಗೆ ಬೆತ್ತವಿಲ್ಲದೆ ಮೇಷ್ಟ್ರಾಗಿರುವುದು ಬರಿಗಾಲಿನಲ್ಲಿ ಮದುವೆಗೆ ಹೋದಂತೆ ಅನ್ನಿಸಿತು. ಸಂಜೆ ಗುಡ್ಡಕ್ಕೆ ಹೋಗಿ ಬಂದರಿಕೆ ಗಿಡದ ನೆಟ್ಟನೆಯ ಹಸಿ ಬರಲೊಂದನ್ನು ಮುರಿದು, ಸಿಪ್ಪೆ ಕೆರೆದು, ಮರುದಿನ ಮೇಜಿನ ಮೇಲಿಟ್ಟೆ. ಮಕ್ಕಳು ಹೆದರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ಕಿಸಿಕಿಸಿ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಹಾಲಮ್ಮ ಬಂದಳು.

ಹಾಲಮ್ಮ ಆ ಊರಿನ ವಿಧವೆ, ಒಂದು ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದವಳು. ಗುಡ್ಡದ ಕಾವಲಿನ ಉಸ್ತುವಾರಿ ಅವಳದು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

"ಮೇಷ್ಟ್ರೇ, ಈ ಕೋಲು ಎಲ್ಲೀದು?"

"ಗುಡ್ಡದ್ದು."

"ಒಣಗಿದ್ದಾ, ಹಸೀದಾ?"

"ಹಸೀದು. ಬೆತ್ತಕ್ಕೆ ಹಸೀದೇ ಆಗಬೇಕು."

"ಹಂಗಾದ್ರೆ ಸೋಮಾರ ಮಂಡಕ್ಕಿ ತರ್ರಿ. ಊರಿಗೆಲ್ಲ ಆಗಂಗೆ ಒಂದು ಚೀಲ."

ಹೊಸ ಮೇಷ್ಟ್ರಿಂದ ಊರು ಪ್ರೀತಿಯಿಂದ ತಿಂಡಿ ಕೇಳುತ್ತಿದೆ ಎಂದುಕೊಂಡು ನಾನು ಹಿಗ್ಗಿಹೋದೆ. ವಾರದ ಕೊನೆಗೆ ದಾವಣಗೆರೆಗೆ ಬಂದು ಅಬ್ಬಾನಿಗೆ ಹೇಳಿದೆ. ಅಬ್ಬಾ ಕೆಮ್ಮು ಬರುವವರೆಗೂ ನಕ್ಕ. "ಅರೇ, ಆ ಊರೋರು ಆಗಾಗ ಬಂದು ಚೀಲ ಒಯ್ತಾರ. ನಾನೇ ಕೇಳಿದ್ದೆ ಒಂದ್ಸಲ, ನಿಮ್ಮೂರಾಗೆ ಎಷ್ಟು ಮದ್ವಿ ಆಗ್ತಾವ್ರಪ್ಪಾ ಅಂತ. ಮದ್ವಿ ಅಲ್ಲ ಸಾಬ್ರೇ, ದಂಡ ಅಂದ್ರು. ನಿನ್ಗೂ ಬಿತ್ತೇನು ಬೇಟಾ?"

ಗುಡ್ಡದೂರಿನ ಕಟ್ಟು ಹೀಗಿತ್ತು. ಕೆಲವು ವರ್ಷ ಹಿಂದೆ ಆ ಗುಡ್ಡ ಬೋಳಾಗಿತ್ತು. ಬೋಳಿಸಿದವರು ಊರಿನವರೇ. "ನಮ್ ಗುಡ್ಡಾನ ನಾವೇ ನಿಮ್ ಭಟ್ಟೀಗೆ ಹಾಕಿದ್ವಿ ಮೇಷ್ಟ್ರೇ, ಯಾರನ್ನ ಬಯ್ಯಾಣ?" ಎಂದು ಹಾಲಮ್ಮನೇ ಹೇಳಿದ್ದಳು. ಗುಡ್ಡ ಬೋಳಾದ ಮೇಲೆ ಬಾವಿ ಬತ್ತಿತು, ಎಮ್ಮೆಗೆ ಹುಲ್ಲಿಲ್ಲ, ಹೆಂಗಸರು ಒಲೆಗೆ ಎರಡು ಪುಳ್ಳೆಗಾಗಿ ಪಕ್ಕದ ಊರಿನ ಬೇಲಿ ಮುರಿದು ಬೈಸಿಕೊಂಡರು. ಆಗ ಊರು ಕೂತು ಗುಡ್ಡವನ್ನು ಮುಚ್ಚಿತು. ದಿನಕ್ಕೊಂದು ಮನೆಯ ಸರದಿ ಕಾವಲು. ಒಣಗಿ ಬಿದ್ದದ್ದನ್ನು ಆಯಬಹುದು, ಹುಲ್ಲು ಕೊಯ್ಯಬಹುದು, ಸೀತಾಫಲ ಕೀಳಬಹುದು. ಹಸಿ ಕೊಂಬೆಗೆ ಕೈ ಹಾಕಿದವರು ಊರಿಗೆಲ್ಲ ಮಂಡಕ್ಕಿ ಕೊಡಬೇಕು. ಗುಡ್ಡ ತಿಂದದ್ದೇ ಮಂಡಕ್ಕಿಯಾದ್ದರಿಂದ ಬೇರೆ ದಂಡ ಅವರಿಗೆ ಹೊಳೆಯಲಿಲ್ಲವೋ ಏನೋ.

ಅದು ಒಣ ಮಂಡಕ್ಕಿಯಾಗಬೇಕು. ಎಣ್ಣೆ, ಈರುಳ್ಳಿ, ಖಾರ ಯಾವುದೂ ಇಲ್ಲ. ಕಡಿದವನೇ ತನ್ನ ಕೈಯಾರೆ ಹಂಚಬೇಕು, ಅದೂ ಕಡಿದ ಕೊಂಬೆ ಎಲ್ಲಿದೆಯೋ ಅಲ್ಲಿ, ಅದರ ಮುಂದೆ. ಕಡಿದವನು ಸಿಗದಿದ್ದರೆ ಇಲ್ಲವೇ ಕೊಡದಿದ್ದರೆ ಆ ದಿನದ ಕಾವಲಿನ ಮನೆಯವರೇ ದಂಡ ಕೊಡಬೇಕು. ಕೊನೆಯದಾಗಿ, ಮಂಡಕ್ಕಿ ತಿಂದವರು ಮತ್ತೆಂದೂ ಆ ತಪ್ಪಿನ ಮಾತು ಎತ್ತುವಂತಿಲ್ಲ. ಅಗಿದು ನುಂಗಿದರೆ ಮಾತೂ ಹೊಟ್ಟೆಗೆ ಹೋಯಿತು ಎಂದು ಲೆಕ್ಕ.

ಸೋಮವಾರ ಸಂಜೆ ಕಟ್ಟೆಯ ಮೇಲೆ ನನ್ನ ಬಡಕಲು ಬೆತ್ತವನ್ನು ಮಲಗಿಸಿ, ಅದರ ಮುಂದೆ ನಾನು ಚೀಲ ಹೊತ್ತು ಊರಿಗೆಲ್ಲ ಹಿಡಿ ಹಿಡಿ ಹಂಚಿದೆ. ನನ್ನದೇ ವಿದ್ಯಾರ್ಥಿಗಳು "ಇನ್ನೊಂದು ಹಿಡಿ ಸಾರ್" ಎಂದರು. ಎಲ್ಲರೂ ತಿಂದು ಮರೆತರು. ಹಲ್ಲಿಲ್ಲದ ಒಬ್ಬ ಮುದುಕ ಮಾತ್ರ ತಿನ್ನಲಿಲ್ಲ. ಆದ್ದರಿಂದ ಅವನಿಗೆ ಮಾತೆತ್ತುವ ಹಕ್ಕು ಉಳಿಯಿತು, ಸಿಕ್ಕಾಗಲೆಲ್ಲ "ಏನ್ರಿ, ಕೋಲಿನ ಮೇಷ್ಟ್ರೇ" ಎನ್ನುತ್ತಿದ್ದ.

ನನ್ನೊಬ್ಬನ ಕತೆಯಲ್ಲ. ಊರಿನ ದೊಡ್ಡ ಜಮೀನುದಾರ ಗೌಡರು ನೇಗಿಲಿಗೆಂದು ದಿಂಡಿಗದ ಕೊಂಬೆ ಕಡಿಸಿ, ದಂಡದ ಚೀಲವನ್ನು ಆಳಿನ ಕೈಲಿ ಕಳಿಸಿದ್ದರು. ಹಾಲಮ್ಮ ವಾಪಸು ಕಳಿಸಿದಳು. ಮೂರು ವಾರ ಬಿಗಿದುಕೊಂಡಿದ್ದು, ಕೊನೆಗೆ ಇಸ್ತ್ರಿ ಪಂಚೆ ಉಟ್ಟ ಗೌಡರೇ ಬಂದು, ತಮ್ಮ ಮನೆಯ ಕಸ ಗುಡಿಸುವವಳ ಸೆರಗಿಗೂ ಮಂಡಕ್ಕಿ ಸುರಿದರು. ನಾನು ಪರಿಸರದ ಪಾಠ ಮಾಡುವಾಗ, "ಮರಗಳಿಂದ ನಮಗೇನು ಸಿಗುತ್ತದೆ?" ಎಂದು ಪುಸ್ತಕದಲ್ಲಿದ್ದಂತೆ ಕೇಳಿದರೆ, ಒಬ್ಬ ಹುಡುಗಿ ಎದ್ದುನಿಂತು, "ಮಂಡಕ್ಕಿ ಸಾರ್" ಎಂದಿದ್ದಳು. ಉತ್ತರ ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ.

ಇಂಥ ಊರಿಗೆ ಒಂದು ದಿನ ಪ್ರಜ್ಞೆ ಬಂತು, ಜೀಪಿನಲ್ಲಿ.

ಯಾವ ಇಲಾಖೆ ಎಂದು ಕೇಳಬೇಡಿ. ಸಾಹೇಬರು ಬಂದರು, ಅವರ ಸಿಬ್ಬಂದಿ ಬಂತು, ಬ್ಯಾನರು ಬಂತು, ಕರೆಂಟಿಲ್ಲದ ಊರಿಗೆ ಸ್ಲೈಡು ತೋರಿಸುವ ಯಂತ್ರವೂ ಬಂತು. ಕಾವಲಿನವರೂ ಸೇರಿ ಊರಿನ ಪ್ರತಿಯೊಬ್ಬರೂ ಹಾಜರಿರಬೇಕೆಂದು ಅಪ್ಪಣೆಯಾಗಿತ್ತು. ಮಕ್ಕಳ ತಲೆಗೆ ಕಾಗದದ ಹಸಿರು ಟೋಪಿ ಇಟ್ಟು, "ಮರ ನಮ್ಮ ಮಿತ್ರ" ಎಂದು ಗಂಟಲು ಹರಿಯುವಂತೆ ಕೂಗಿಸಿದರು. ಸಾಹೇಬರು ಭಾಷಣದಲ್ಲಿ, "ನೀವು ಗುಡ್ಡ ಬೋಳಿಸ್ತೀರಿ. ಮಳೆ ಹೋಗುತ್ತೆ. ಆಮೇಲೆ ಸರ್ಕಾರವನ್ನ ಬೈತೀರಿ" ಎಂದರು. ಅವರ ಬೆನ್ನ ಹಿಂದೆಯೇ ಗುಡ್ಡ ಹಸಿರಾಗಿ ನಿಂತಿತ್ತು. ಒಂದು ಸಲ ಕತ್ತು ತಿರುಗಿಸಿದ್ದರೆ ಕಾಣುತ್ತಿತ್ತು. ತಿರುಗಿಸಲಿಲ್ಲ. ಆ ಕತ್ತನ್ನು ನೆನೆಸಿಕೊಂಡರೆ ನನಗೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಕೊನೆಗೆ, "ಯಾರಾದ್ರೂ ಏನಾದ್ರೂ ಕೇಳೋದಿದ್ರೆ ಕೇಳಿ" ಎಂದರು. ಹಾಲಮ್ಮ ಎದ್ದಳು. ಶಾಲೆಯ ಗೇಟಿಗೆ ಕಟ್ಟಿದ್ದ ಸ್ವಾಗತದ ಕಮಾನಿನ ಕಡೆ ಕೈ ತೋರಿಸಿದಳು. ಕಮಾನಿನ ತುಂಬ ಹೂ ಬಿಟ್ಟ ಕಕ್ಕೆಯ ಕೊಂಬೆಗಳು.

"ಅದನ್ನ ಯಾರು ಕಡಿದಿದ್ದು ಸಾಹೇಬ್ರೇ?"

"ನಮ್ಮ ಹುಡುಗರು, ಬೆಳಿಗ್ಗೆ. ಚೆನ್ನಾಗಿದೆ ಅಲ್ವಾ?"

"ಚೆಂದ ಐತ್ರಿ. ಮಂಡಕ್ಕಿ ಕೊಡ್ಬೇಕಾಗ್ತೈತೆ."

ಸಾಹೇಬರು ನನ್ನ ಮುಖ ನೋಡಿದರು. ನಾನು ಕಟ್ಟಿನ ವಿಷಯ ವಿವರಿಸಿದೆ. ಮೊದಲು ನಕ್ಕರು. ಊರಲ್ಲಿ ಇನ್ಯಾರೂ ನಗದಿದ್ದುದನ್ನು ಕಂಡು ಅವರ ನಗು ನಿಂತಿತು. "ನೋಡಮ್ಮಾ, ಇದು ಸರ್ಕಾರದ ಜಾಗ. ಇಲ್ಲಿ ದಂಡ ಹಾಕೋಕೆ ನೀವ್ಯಾರು? ಮೇಷ್ಟ್ರೇ, ನೀವು ಸರ್ಕಾರಿ ನೌಕರರು ಅನ್ನೋದು ನೆನಪಿರಲಿ" ಎಂದರು. ನನಗೆ ನೆನಪಿತ್ತು, ಕೂತುಕೊಂಡೆ. ಜೀಪು ಹೋಯಿತು. ಅವತ್ತಿನ ಕಾವಲಿನ ಸರದಿ ಹಾಲಮ್ಮನ ಮನೆಯದೇ. ಕಮಾನನ್ನು ಇಳಿಸಿ, ಅದರ ಮುಂದೆ ಅವಳೇ ಮಂಡಕ್ಕಿ ಹಂಚಿದಳು.

ದಸರೆ ಕಳೆದ ಮೇಲೆ ಕೊಡಲಿಯವರು ಬಂದರು. ಗುಡ್ಡದಲ್ಲಿ ಉಪಯೋಗಕ್ಕೆ ಬಾರದ ಕುರುಚಲು ಬೆಳೆದಿದೆ, ಅದನ್ನು ತೆಗೆದು ಬೇಗ ಬೆಳೆಯುವ ನೀಲಗಿರಿ ನೆಡುವುದು ಎಂದು ಆದೇಶವಾಗಿತ್ತು. ರುಜು ಅದೇ ಸಾಹೇಬರದು. ದಂಡ ಕೇಳಿದ ಸಿಟ್ಟಿಗೆ ಮಾಡಿದರೋ, ಮೊದಲೇ ತೀರ್ಮಾನವಾಗಿತ್ತೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಸುತ್ತಮುತ್ತ ಬೋಳು ಗುಡ್ಡಗಳು ಬೇಕಾದಷ್ಟಿದ್ದವು. ಅವುಗಳಲ್ಲಿ ಕಡಿದು ಮಾರುವಂಥದ್ದು ಏನೂ ಇರಲಿಲ್ಲ, ಅದಕ್ಕೇ ಅಲ್ಲಿ ನೀಲಗಿರಿ ನೆಡಲು ಯಾರಿಗೂ ಆತುರವಿರಲಿಲ್ಲ. ಕಾಯ್ದವರ ಗುಡ್ಡವನ್ನೇ ಹುಡುಕಿಕೊಂಡು ಬಂದರು. ಕಳ್ಳ ಕೂಡ ಇಷ್ಟು ನಾಚಿಕೆಗೆಟ್ಟಿರುವುದಿಲ್ಲ. ಅವನು ಕತ್ತಲಲ್ಲಿ ಬರುತ್ತಾನೆ, ಭಾಷಣ ಮಾಡುವುದಿಲ್ಲ.

ಹೆಂಗಸರು ದಾರಿಗಡ್ಡ ನಿಂತರು. ಪೊಲೀಸ್ ವ್ಯಾನು ಬಂದು ಗಂಡಸರನ್ನು ಒಯ್ದು ಒಂದು ದಿನ ಕೂಡಿಸಿಕೊಂಡಿತು. ನಾನು ದಾವಣಗೆರೆಯ ಕಚೇರಿಗೆ ಹೋಗಿ, ಗೋಡೆಯ ಮೇಲಿನ ಹಸಿರು ಮರದ ಚಿತ್ರದ ಕೆಳಗೆ ಬೆಂಚಿನ ಮೇಲೆ ಸಂಜೆತನಕ ಕೂತೆ. ಸಾಹೇಬರು ಕ್ಯಾಂಪು. "ಯಾರದೋ ಊರ ಉಸಾಬರಿ ನಿಮಗ್ಯಾಕ್ರಿ? ಪಾಠ ಮಾಡ್ಕೊಂಡು ಇರ್ರಿ" ಎಂದು ಗುಮಾಸ್ತ ಕನಿಕರದಿಂದ ಹೇಳಿದ. ನಾನು ಅವನಿಗೆ ನಮಸ್ಕಾರ ಮಾಡಿ ಹೊರಗೆ ಬಂದೆ. ಬೈಗುಳವೆಲ್ಲ ಬಂದದ್ದು ಬಸ್ಸಿನಲ್ಲಿ ಕೂತ ಮೇಲೆ.

ಕೊನೆಯ ಲಾರಿ ಹೋದ ಸಂಜೆ ಊರು ಕಟ್ಟೆಯ ಬಳಿ ಸೇರಿತು. ಗುಡ್ಡದ ಕಡೆ ಯಾರೂ ನೋಡುತ್ತಿರಲಿಲ್ಲ. ಸತ್ಯಪ್ಪ ಎಂಬ ಬಿಸಿರಕ್ತದ ಹುಡುಗ ಎದ್ದುನಿಂತ. "ಇನ್ನೇನೈತೆ ಕಾಯಾಕೆ? ಬುಡ ಉಳಿದಾವೆ. ಅವರು ಬಂದು ಅಗೆಯೋಕೆ ಮೊದ್ಲು ನಾವೇ ಅಗೆದು ಮಾರಾಣ. ನಮ್ಗೂ ಏನಾರ ಸಿಗ್ಲಿ" ಎಂದ. ಹೌದು ಹೌದು ಎಂದರು ಅರ್ಧ ಜನ. ಕೆಲವರು ಗುದ್ದಲಿ ತರಲು ಎದ್ದೇಬಿಟ್ಟರು. ನನಗೂ ಅದು ಸರಿ ಅನ್ನಿಸಿತು. ಅಂಥ ಹೊತ್ತಿನಲ್ಲಿ ಹಾಳುಮಾಡುವುದೂ ಒಂದು ಸಮಾಧಾನ.

ಹಾಲಮ್ಮ ದನಿ ಏರಿಸಲಿಲ್ಲ. "ಬುಡ ಚಿಗೀತಾವೋ ಸತ್ಯಪ್ಪ. ಮೊದ್ಲೂ ಹಂಗೇ ಚಿಗಿತಿದ್ದು. ಕಟ್ಟು ಮುರೀತು ಅಂದ್ರೆ ಅದು ಚಿಗಿಯಲ್ಲ. ಇವತ್ತು ನೀನು ಬುಡ ಅಗೀತೀಯ, ನಾಳೆ ನಾನು ಯಾರಿಗೆ ಬ್ಯಾಡ ಅನ್ಲಿ?"

"ಮತ್ತೆ ಅವರು ಕಡಿದಿದ್ದಕ್ಕೆ ದಂಡ ಯಾರು ಕೊಡ್ತಾರೆ? ದಂಡ ಇಲ್ಲದ ಮ್ಯಾಲೆ ಕಟ್ಟು ಎಲ್ಲೈತೆ?"

"ಕಡಿದೋರು ಕೊಡದಿದ್ರೆ ಕಾವಲಿನ ಮನೆಯೋರು. ಅದಿನ್ನೂ ಹಂಗೇ ಐತೆ."

ಕಡಿತ ನಡೆದ ದಿನಗಳಲ್ಲಿ ಊರಿನ ಎಲ್ಲ ಮನೆಗಳ ಸರದಿಯೂ ಬಂದು ಹೋಗಿತ್ತು. ಹಾಗಾಗಿ ದಂಡ ಇಡೀ ಊರಿನದು. ಇನ್ನು ಹಂಚುವುದು ಎಲ್ಲಿ? ಕಡಿದ ಕೊಂಬೆ ಎಲ್ಲಿದೆಯೋ ಅಲ್ಲಿ. ಕೊಂಬೆಗಳು ಹರಿಹರದಲ್ಲಿದ್ದವು, ಹೊಳೆಯ ದಂಡೆಯ ಹತ್ತಿರ ಯಾರದೋ ಕಟ್ಟಿಗೆ ಡಿಪೋದಲ್ಲಿ, ಹರಾಜಿಗೆ.

ಮನೆಮನೆಯಿಂದ ಅಕ್ಕಿ ಕೂಡಿಸಿ ಅಬ್ಬಾನ ಭಟ್ಟಿಗೆ ತಂದರು. ಸೇರು ಅಕ್ಕಿ ಕೊಟ್ಟವರಿದ್ದರು, ಬರೀ ಮುಷ್ಟಿ ಕೊಟ್ಟವರೂ ಇದ್ದರು, ಗೌಡರ ಮನೆಯಿಂದಲೂ ಬಂದಿತ್ತು. ಅಬ್ಬಾ ಹುರಿದುಕೊಟ್ಟ. ಕೂಲಿಯ ಪ್ರಸ್ತಾಪ ಬಂದಾಗ ಕೈ ಅಡ್ಡ ಹಿಡಿದ. "ಸುಮ್ನಿರ್ರಿ ಅಮ್ಮಾ. ಆ ಗುಡ್ಡದ ಕಟ್ಟಿಗಿ ಉರಿಸಿ ನಾನು ನಾಲ್ಕು ಮಕ್ಳನ್ನ ಸಾಕೀನಿ" ಎಂದ. ಅಬ್ಬಾನ ಬಾಯಲ್ಲಿ ಅಂಥ ಮಾತನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಹರಾಜಿನ ದಿನ ನಾನು ರಜೆ ಹಾಕಿ ಅವರ ಜೊತೆ ಹೋದೆ. ಡಿಪೋದಲ್ಲಿ ಕಕ್ಕೆ, ದಿಂಡಿಗ, ಕಾರೆ ಎಲ್ಲ ಒಂದೇ ಅಳತೆಗೆ ತುಂಡಾಗಿ ಸಾಲಾಗಿ ಬಿದ್ದಿದ್ದವು. ಶಾಮಿಯಾನದ ಕೆಳಗೆ ಸಾಹೇಬರು, ಗುತ್ತಿಗೆದಾರ, ಸವಾಲು ಕೂಗಲು ಬಂದವರು. ಗುಡ್ಡದೂರಿನ ಹೆಂಗಸರು ಚೀಲಗಳನ್ನು ಹೊತ್ತು ಒಳಗೆ ಬಂದಾಗ ಗಲಾಟೆ ಮಾಡಲು ಬಂದರೆಂದು ಕಾವಲುಗಾರ ಲಾಠಿ ಹಿಡಿದು ಎದ್ದ. ಹಾಲಮ್ಮ ಅವನ ಕೈಗೇ ಮೊದಲ ಹಿಡಿ ಹಾಕಿದಳು. ಆಮೇಲೆ ಸಾಲಾಗಿ ಎಲ್ಲರಿಗೂ ಕೊಡುತ್ತ ಬಂದಳು.

"ನಾವು ಕಾಯೋಕೆ ಆಗ್ಲಿಲ್ಲ, ತಪ್ಪು ನಮ್ದು. ತಗೊಳ್ರಿ. ದಂಡದ ಮಂಡಕ್ಕಿ. ತಗೊಳ್ರಿ."

ಯಾರಿಗೂ ಏನೂ ಅರ್ಥವಾಗಲಿಲ್ಲ, ಸಾಹೇಬರೂ ಕಮಾನಿನ ದಿನದ ಮಾತನ್ನು ಮರೆತಂತಿತ್ತು. ಪುಕ್ಕಟೆ ಮಂಡಕ್ಕಿ, ಆಗತಾನೇ ಹುರಿದದ್ದು, ಗರಿಗರಿ. ಎಲ್ಲರೂ ಕೈ ಚಾಚಿದರು. ಗುತ್ತಿಗೆದಾರ ಟವೆಲ್ಲನ್ನೇ ಹಾಸಿದ. ಊರಿನ ಹೆಂಗಸರ ಕಣ್ಣಲ್ಲಿ ನೀರಿತ್ತು, ಸತ್ಯಪ್ಪ ಚೀಲ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಶಾಮಿಯಾನದ ಕೆಳಗೆ ಕುರುಂ ಕುರುಂ ಸದ್ದು. ಸಾಹೇಬರು ಎರಡು ಹಿಡಿ ತಿಂದು, ಮೂರನೆಯದಕ್ಕೆ ಕೈ ಒಡ್ಡಿ ಕೇಳಿದರು.

"ಬರೀ ಮಂಡಕ್ಕಿ ತಂದಿದ್ದೀಯಲ್ಲಮ್ಮಾ. ಮೆಣಸಿನಕಾಯಿ ಇಲ್ವಾ?"

ಶಾಮಿಯಾನದ ಕೆಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ಹಾಲಮ್ಮ ಮೂರನೆಯ ಹಿಡಿಯನ್ನೂ ಹಾಕಿ ಮುಂದೆ ಬಂದಳು. ಕಡೆಯದಾಗಿ ನನ್ನ ಎದುರು ನಿಂತಳು.

"ನಾನು ನಿಮ್ಮ ಕಡೆಯವನು ಹಾಲಮ್ಮ" ಎಂದೆ.

"ಹೌದು ಮೇಷ್ಟ್ರೇ. ಆದ್ರೂ ನೀವು ಸರ್ಕಾರದೋರು, ತಿನ್ನೋ ಸಾಲಿನಾಗೆ ನಿಂತೀರಿ. ಕೈ ಚಾಚ್ರಿ."

ಚಾಚಿದೆ. ಹಿಂದೆ ಸವಾಲು ಮತ್ತೆ ಶುರುವಾಯಿತು.

ಸಂಜೆ ಎಲ್ಲರೂ ವಾಪಸು ಬಸ್ಸು ಹತ್ತಿದೆವು. ದಾರಿಯಲ್ಲಿ ಬಾತಿ ಊರಿನ ಹತ್ತಿರ ಬಂದಾಗ, ಖಾಲಿ ಚೀಲಗಳನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡಿದ್ದ ಸತ್ಯಪ್ಪ ಯಾರ ಕಡೆಗೂ ನೋಡದೆ, "ನಾಳೆ ಕಾವಲು ಯಾರ ಮನೇದು?" ಎಂದು ಕೇಳಿದ. "ನಿಮ್ದೇ" ಎಂದಳು ಹಾಲಮ್ಮ. ಆಮೇಲೆ ಅವಳ ಕಣ್ಣು ನನ್ನ ಬಿಗಿದ ಮುಷ್ಟಿಯ ಮೇಲೆ ಬಿತ್ತು.

"ಇನ್ನೂ ತಿಂದಿಲ್ಲೇನ್ರಿ?"

ಇಲ್ಲವೆಂದು ತಲೆಯಾಡಿಸಿ, ಕೈಯನ್ನು ಕಿಟಕಿಯಿಂದ ಹೊರಗೆ ಹಾಕಿ ಮುಷ್ಟಿ ಬಿಚ್ಚಿದೆ. ಬೆವರಿಗೆ ಮೆತ್ತಗಾಗಿದ್ದ ಮಂಡಕ್ಕಿ ಗಾಳಿಗೆ ಹೋಯಿತು.

"ತಿನ್ನದಿದ್ರೆ ಮಾತು ಮುಗಿಯಂಗಿಲ್ಲ ಮೇಷ್ಟ್ರೇ."

"ಮುಗಿಯೋದು ಬ್ಯಾಡ" ಎಂದೆ.